ಅಕ್ಕನಿಗೆ ಕಾಣದ ಹುಳು

ಲಿಫ್ಟ್ ರಿಪೇರಿಯವನ ಮನೆಯ ಮುಂದಿನ ಕೋಣೆಯಲ್ಲಿ ಸೋಫಾ ಇರಲಿಲ್ಲ, ಟಿವಿಯೂ ಇರಲಿಲ್ಲ. ಬಂದವರು ಕೂರಲು ಮಡಚುವ ಕುರ್ಚಿ ಎರಡು, ಅಷ್ಟೇ. ಮಿಕ್ಕ ಜಾಗವನ್ನೆಲ್ಲ ಐದಡಿ ಉದ್ದದ ಗಾಜಿನ ತೊಟ್ಟಿಯೊಂದು ನುಂಗಿಕೊಂಡಿತ್ತು. ಒಳಗೆ ಉಪ್ಪುನೀರು, ಕಲ್ಲು, ಕಲ್ಲಿನ ಮೇಲೆ ಜೀವಂತ ಹವಳ, ಹವಳದ ಸಂದಿಯಲ್ಲಿ ಆರು ಮೀನು. ಎಂಟು ವರ್ಷದ ಹಿಂದೆ ಕಿರುಬೆರಳಿನ ಉಗುರಿನಷ್ಟು ತುಂಡುಗಳನ್ನು ತಂದು ಅಂಟಿಸಿದ್ದ. ಈಗ ಅವು ಜಿಂಕೆಯ ಕೊಂಬಿನ ಹಾಗೆ ಕವಲೊಡೆದು ನೀಲಿ, ಹಸಿರು, ನೇರಳೆ ಬಣ್ಣಗಳಲ್ಲಿ ತೊಟ್ಟಿಯ ತುಂಬ ಹರಡಿದ್ದವು. ಅವನ ಹೆಂಡತಿ ಹೊಲಿಗೆ ಕೆಲಸದವಳು, ಬಾಯಿ ಸ್ವಲ್ಪ ಜೋರು. ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಳು: "ನಮ್ಮನೆಯವರಿಗೆ ಎರಡು ಸಂಸಾರ. ಒಂದು ಒಣಗಿದ್ದು, ಒಂದು ಒದ್ದೆ. ಒದ್ದೆ ಸಂಸಾರಕ್ಕೆ ದಿನಾ ಜ್ವರ ನೋಡ್ತಾರೆ, ಹೊತ್ತುಹೊತ್ತಿಗೆ ಊಟ ಹಾಕ್ತಾರೆ. ಒಣಗಿದ್ದನ್ನ ಕೇಳೋರಿಲ್ಲ."

ಆ ಭಾನುವಾರ ಬೆಳಿಗ್ಗೆ ಅವನು ಅಕ್ಕನಿಗೆ ಫೋನ್ ಮಾಡಿದ.

"ಅಕ್ಕ, ತೊಟ್ಟೀಲಿ ಹುಳ ಬಿದ್ದಿದೆ. ಗಾಜಿನ ಮೇಲೆಲ್ಲ ಹರಿದಾಡ್ತಿದೆ. ಒಂದ್ಸಲ ಬಂದು ನೋಡ್ತೀಯಾ?"

ಅಕ್ಕನನ್ನಲ್ಲದೆ ಇನ್ಯಾರನ್ನು ಕರೆಯಬೇಕು? ತಾಯಿ ಸತ್ತಾಗ ಅವನಿಗೆ ಆರು ವರ್ಷ, ಅವಳಿಗೆ ಹದಿನಾಲ್ಕು. ಅವನ ತಲೆಯ ಹೇನು ಹೆಕ್ಕಿದವಳು, ಅಂಗಾಲನ್ನು ಬಿಸಿಲಿಗೆ ಹಿಡಿದು, ಚುಚ್ಚಿದ ಗಾಜಿನ ಚೂರನ್ನು ಸೂಜಿಯಿಂದ ಎಬ್ಬಿಸಿದವಳು ಅವಳೇ. ದೊಡ್ಡವಳಾಗಿ ಹಿಡಿದ ಕೆಲಸವೂ ಕಣ್ಣಿನದೇ. ದೊಡ್ಡ ಆಸ್ಪತ್ರೆಯ ಲ್ಯಾಬ್‌ನಲ್ಲಿ ಇಪ್ಪತ್ತೇಳು ವರ್ಷದಿಂದ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಕೂತಿದ್ದಳು. ಹೆಂಗಸರ ಗರ್ಭಕೋಶದ ಬಾಯಿಂದ ಸವರಿ ತೆಗೆದದ್ದನ್ನು ಗಾಜಿನ ಸ್ಲೈಡ್ ಮೇಲೆ ಬಳಿದು, ಬಣ್ಣ ಹಾಕಿ ಅವಳ ಮುಂದೆ ತಂದಿಡುತ್ತಿದ್ದರು. ಒಂದೊಂದು ಸ್ಲೈಡಿನಲ್ಲೂ ಸಾವಿರಾರು ಜೀವಕೋಶ. ಅವುಗಳ ನಡುವೆ ಕೆಡಲು ಹೊರಟ ನಾಲ್ಕೋ ಐದೋ ಇದ್ದರೆ ಅವಳು ಹಿಡಿಯಬೇಕು. ಹಿಡಿಯುತ್ತಿದ್ದಳು. ಲ್ಯಾಬ್‌ನವರು ಅವಳಿಗೆ ಇಟ್ಟ ಹೆಸರು ಹದ್ದಕ್ಕ.

ಅವಳು 'ಇದೆ' ಎಂದ ಸ್ಲೈಡನ್ನು ದೊಡ್ಡ ಡಾಕ್ಟರ್ ಮತ್ತೆ ನೋಡುತ್ತಿದ್ದರು. 'ಇಲ್ಲ' ಎಂದದ್ದು ನೇರ ಡ್ರಾಯರಿಗೆ ಹೋಗುತ್ತಿತ್ತು. 'ಇಲ್ಲ' ಎಂದವುಗಳಲ್ಲೂ ಹತ್ತಕ್ಕೊಂದನ್ನು ಎರಡನೆಯವರು ನೋಡಬೇಕು ಎಂದು ನಿಯಮವೇನೋ ಇತ್ತು. ಆದರೆ ಹದ್ದಕ್ಕ ನೋಡಿದ್ದನ್ನು ಇನ್ನೊಬ್ಬರು ನೋಡುವುದೇ? ಡಾಕ್ಟರ್ ಆ ಕಾಗದದ ಮೇಲೆ ಕಣ್ಣೂ ಹಾಯಿಸದೆ ಸಹಿ ಹಾಕುತ್ತಿದ್ದರು. ಅದು ಅವಳಿಗೆ ಸಲ್ಲುವ ಮರ್ಯಾದೆ ಎಂದು ಎಲ್ಲರೂ ತಿಳಿದಿದ್ದರು, ಅವಳೂ ತಿಳಿದಿದ್ದಳು.

ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಗಾಜಿನ ಒಳಮೈಗೆ ತುಕ್ಕಿನ ಬಣ್ಣದ, ಅಕ್ಕಿಕಾಳಿಗಿಂತ ಸಣ್ಣ ಹುಳುಗಳು ಅಂಟಿಕೊಂಡಿದ್ದವು. ಚಪ್ಪಟೆ ಮೈ, ಕಾಗದದಷ್ಟು ತೆಳು. ಬೆಳಕು ಬಿದ್ದಲ್ಲಿ ಗುಂಪುಗುಂಪಾಗಿ ಸೇರಿದ್ದವು. ಡ್ರಾಪರಿನಿಂದ ನಾಲ್ಕನ್ನು ಹೀರಿ ಚಿಕ್ಕ ಸೀಸೆಗೆ ಹಾಕಿಕೊಂಡಳು.

"ನಾಳೆ ಲ್ಯಾಬ್‌ನಲ್ಲಿ ನೋಡಿ ಹೇಳ್ತೀನಿ. ಅಲ್ಲೀತನಕ ಔಷಧಿ ಗಿವುಷಧಿ ಅಂತ ಏನೂ ಸುರೀಬೇಡ."

"ಅಂಗಡಿಯವನು ಒಂದು ಬಾಟ್ಲಿ ಕೊಟ್ಟಿದಾನೆ."

"ಆ ಬಾಟ್ಲಿ ಅವನ ತಲೆಗೇ ಸುರ್ಕೊಳ್ಳಲಿ."

ಸೋಮವಾರ ಊಟದ ಬಿಡುವಿನಲ್ಲಿ ಹುಳುವನ್ನು ಒಂದು ಹನಿ ಉಪ್ಪುನೀರಿನ ಸಮೇತ ಸ್ಲೈಡಿಗೆ ಹಾಕಿ, ಎಲ್ಲಕ್ಕಿಂತ ಸಣ್ಣ ಲೆನ್ಸಿನಲ್ಲಿ ನೋಡಿದಳು. ಹುಳು ಕಣ್ಣಿನ ತುಂಬ ಬಂತು. ಬಾಲಕ್ಕೆ ಮೂರು ತುದಿ. ತಮ್ಮನ ಹವಳದ ಪುಸ್ತಕದಲ್ಲಿದ್ದ ಚಿತ್ರಕ್ಕೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಸಂಜೆ ತಮ್ಮನ ಮನೆಗೆ ಹೋಗಿ, ಒಂದು ಹಾಳೆಯ ಮೇಲೆ ಪೆನ್ಸಿಲಿನಿಂದ ಎರಡು ಹುಳು ಬರೆದು ತೋರಿಸಿದಳು. ಅವಳಿಗೆ ಪಾಠ ಹೇಳುವುದೆಂದರೆ ಇಷ್ಟ.

"ನಿನ್ನ ಹತ್ರ ಇರೋದು ಇದು. ತುಕ್ಕಿನ ಬಣ್ಣ, ಬಾಲಕ್ಕೆ ಮೂರು ತುದಿ. ನೀರಲ್ಲಿರೋ ಸಣ್ಣಪುಟ್ಟ ಜೀವ ತಿಂದ್ಕೊಂಡಿರುತ್ತೆ, ಹವಳ ತಿನ್ನಲ್ಲ. ಒಟ್ಟಿಗೆ ಸಾಯಿಸಿದರೆ ಮಾತ್ರ ಅದರ ಮೈಯಿಂದ ವಿಷ ಬಿಡುತ್ತೆ, ಮೀನೆಲ್ಲ ಸಾಯುತ್ತೆ. ಅದಕ್ಕೇ ಪೈಪ್ ಹಾಕಿ ದಿನಾ ಸ್ವಲ್ಪಸ್ವಲ್ಪ ಹೀರಿ ತೆಗಿ. ಗೊತ್ತಾಯ್ತಾ?"

"ಇನ್ನೊಂದು ಯಾವುದು?"

"ಇನ್ನೊಂದು ಬಂದ್ರೆ ಕಥೆ ಮುಗೀತು. ಅದಕ್ಕೆ ಬಣ್ಣಾನೇ ಇಲ್ಲ. ಕೊಂಬಿನ ಹವಳದ ಮೈಗೆ ಅಂಟಿಕೊಂಡು, ಅದನ್ನೇ ತಿಂದು, ಅದರ ಬಣ್ಣಾನೇ ಆಗಿಬಿಡುತ್ತೆ. ಹವಳದ ಬುಡದಲ್ಲಿ, ಮಾಂಸ ಹೋಗಿ ಬಿಳಿ ಎಲುಬು ಕಾಣೋ ಕಡೆ ಮೊಟ್ಟೆ ಇಡುತ್ತೆ. ಸಾಸಿವೆಗಿಂತ ಸಣ್ಣ, ಕಂದು ಚುಕ್ಕೆ ಸಾಲುಸಾಲಾಗಿ."

ತಮ್ಮ ತೊಟ್ಟಿಯ ಕಡೆ ತಿರುಗಿದ. ಆಮೇಲೆ, ಮೂಲೆಯಲ್ಲಿದ್ದ ನೀಲಿ ಹವಳ ಬುಡದಲ್ಲಿ ಬಿಳಿಚಿಕೊಳ್ಳುತ್ತಿದೆ ಎಂದ. ಎರಡು ವಾರವಾಯಿತು, ಮೈಮೇಲೆ ಉಗುರಿನಿಂದ ಚಿವುಟಿದ ಹಾಗೆ ದುಂಡು ದುಂಡು ಗುರುತು ಬೀಳುತ್ತಿದೆ.

ನೀಲಿ ಹವಳವನ್ನು ಕಲ್ಲಿನ ಸಮೇತ ಎತ್ತಿ, ತೊಟ್ಟಿಯದೇ ನೀರು ತುಂಬಿದ ಬಿಳಿ ಬೋಗುಣಿಯಲ್ಲಿಟ್ಟು, ಕಿಟಕಿಯ ಹತ್ತಿರ ತಂದ. ಅವಳು ಭೂತಗನ್ನಡಿ ಹಿಡಿದು ಬಗ್ಗಿದಳು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಿಬಿಡಬೇಕು. ಹದ್ದಕ್ಕನ ಕಣ್ಣು ಕೆಟ್ಟಿತ್ತು. ಐದು ತಿಂಗಳ ಹಿಂದೆ ಒಂದು ದಿನ ಬಚ್ಚಲುಮನೆಯ ಟೈಲ್ಸಿನ ನೇರ ಗೆರೆ ಅವಳ ಬಲಗಣ್ಣಿಗೆ ಡೊಂಕಾಗಿ ಕಂಡಿತು. ಆಮೇಲೆ ನೋಟದ ನಟ್ಟನಡುವೆ ಒಂದು ಮಬ್ಬು ಕೂತಿತು. ಅವಳು ಎಡಗಣ್ಣನ್ನು ನಂಬಿದಳು. ಸ್ವಲ್ಪ ದಿನಕ್ಕೆ ಎಡಗಣ್ಣಿನಲ್ಲೂ ಅದೇ ಶುರುವಾಯಿತು. ಊರಿನ ಇನ್ನೊಂದು ತುದಿಗೆ, ಗುರುತು ಪರಿಚಯವಿಲ್ಲದ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ತೋರಿಸಿದಳು. ಒಳಗಿನ ಪರದೆ ಮಧ್ಯದಲ್ಲಿ ಸವೆಯುತ್ತಿದೆ, ಸೂಕ್ಷ್ಮ ಕೆಲಸ ನಿಲ್ಲಿಸಿ ಎಂದರು ಅವರು. "ಮುಖ್ಯವಾದ ವಿಷಯ ಏನಂದ್ರೆ, ಅಲ್ಲಿ ಕಪ್ಪು ತೂತು ಕಾಣಿಸಲ್ಲ ನಿಮಗೆ. ಮಿದುಳು ಅಕ್ಕಪಕ್ಕದ್ದನ್ನ ತಗೊಂಡು ಅಲ್ಲಿಗೆ ತೇಪೆ ಹಾಕಿಬಿಡುತ್ತೆ. ಎಲ್ಲ ಸರಿಯಾಗೇ ಇದೆ ಅನ್ನಿಸುತ್ತೆ." ಅವಳು ತಲೆಯಾಡಿಸಿ ಎದ್ದುಬಂದಳು. ಮರುದಿನ ಎಂದಿನ ಹಾಗೆ ಒಂಬತ್ತು ಗಂಟೆಗೆ ಮೈಕ್ರೋಸ್ಕೋಪಿನ ಮುಂದೆ ಕೂತಳು. ಹದಿನೈದು ದಿನ ನೋಡೋಣ ಎಂದುಕೊಂಡಳು, ಆಮೇಲೆ ಒಂದು ತಿಂಗಳು ಎಂದುಕೊಂಡಳು. ಕಣ್ಣೇ ಹೋದ ಮೇಲೆ ತಾನು ಯಾರು ಎಂಬ ಯೋಚನೆ ಬಂದಾಗಲೆಲ್ಲ ಮುಂದಿನ ಸ್ಲೈಡ್ ಎತ್ತಿಕೊಳ್ಳುತ್ತಿದ್ದಳು. ಕೊನೆಗೆ ಯೋಚಿಸುವುದನ್ನೇ ಬಿಟ್ಟಳು.

ಬೋಗುಣಿಯ ಮೇಲೆ ಬಗ್ಗಿ ಹವಳವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಕೊಂಬುಗಳು ಕಂಡವು. ಬಿಳಿ ಬುಡ ಕಂಡಿತು. ಬುಡ ಸ್ವಚ್ಛವಾಗಿತ್ತು, ತೊಳೆದಿಟ್ಟ ತಟ್ಟೆಯ ಹಾಗೆ.

"ಇಲ್ಲೇನೋ ಚುಕ್ಕೆ ಇದೆಯಲ್ಲ ಅಕ್ಕ?" ತಮ್ಮ ಬೆರಳಿಟ್ಟು ಕೇಳಿದ.

ಅವನು ಬೆರಳಿಟ್ಟ ಕಡೆಗೆ ನೋಡಿದಳು. ತಿರುಗಿಸಿ ನೋಡಿದಳು. ಸುಳ್ಳು ಹೇಳುವ ಉದ್ದೇಶ ಅವಳಿಗೆ ಖಂಡಿತ ಇರಲಿಲ್ಲ. ನಿಜವಾಗಿಯೂ ಅಲ್ಲಿ ಅವಳಿಗೆ ಬಿಳಿ ಬಿಟ್ಟರೆ ಏನೂ ಕಾಣಲಿಲ್ಲ. ಜೊತೆಗೆ, ಹುಳು ಯಾವುದೆಂದು ಆಗಲೇ ಹೆಸರಿಟ್ಟಾಗಿತ್ತು. ಒಂದು ಸಿಕ್ಕಿತೆಂದರೆ ಹುಡುಕುವ ಕಣ್ಣು ಅರ್ಧ ಮುಚ್ಚಿಕೊಳ್ಳುತ್ತದೆ, ಹಾಗಾಗಲು ಬಿಡಬೇಡಿ ಎಂದು ಲ್ಯಾಬಿಗೆ ಬಂದ ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವಳು ಅವಳೇ.

"ಏನೂ ಇಲ್ಲ ಕಣೋ. ಸುಣ್ಣದ ಕಲೆ ಅಷ್ಟೆ. ಲೈಟು ಜಾಸ್ತಿಯಾಗಿದೆ, ಅದಕ್ಕೇ ಬಿಳಿಚಿಕೊಂಡಿದೆ. ಸ್ವಲ್ಪ ಮೇಲಕ್ಕೆ ಕಟ್ಟು."

"ಹೌದಾ?" ಎಂದ ತಮ್ಮ. ಮತ್ತೊಮ್ಮೆ ಬುಡವನ್ನು ನೋಡಿದ, ಅಕ್ಕನ ಮುಖ ನೋಡಿದ. "ಸರಿ ಹಾಗಾದ್ರೆ."

ನೀಲಿ ಹವಳ ವಾಪಸು ತೊಟ್ಟಿಗೆ, ತನ್ನ ಮೂಲೆಗೆ ಹೋಯಿತು.

ಆರು ವಾರ ಕಳೆಯಿತು. ಲ್ಯಾಬ್‌ನಲ್ಲಿ ಯಾರೋ ರಜೆ ಹಾಕಿದ್ದರಿಂದ ಅವಳಿಗೆ ಕೆಲಸ ಮೈತುಂಬ ಇತ್ತು, ತಮ್ಮನ ಮನೆಯ ಕಡೆ ತಲೆ ಹಾಕಲಾಗಲಿಲ್ಲ. ಫೋನಿನಲ್ಲಿ ಹುಳು ಹೇಗಿದೆ ಎಂದು ಕೇಳಿದರೆ "ತುಕ್ಕಿನ ಬಣ್ಣದ ಹುಳ ಕಮ್ಮಿಯಾಗಿದೆ" ಎನ್ನುತ್ತಿದ್ದ. ಅದು ನಿಜವೂ ಆಗಿತ್ತು. ಒಂದು ಬುಧವಾರ ಸಂಜೆ ಹೊಲಿಯಲು ಕೊಟ್ಟಿದ್ದ ಕುಪ್ಪಸ ತೆಗೆದುಕೊಂಡು ಹೋಗಲು ಅಲ್ಲಿಗೆ ಬಂದಳು.

ಬಾಗಿಲಲ್ಲೇ ಅವಳ ಕಾಲು ನಿಂತಿತು. ಕೆಟ್ಟ ಕಣ್ಣಿಗೂ ಬಿಳಿ ಬಣ್ಣ ಕಾಣುತ್ತದೆ. ತೊಟ್ಟಿಯ ತುಂಬ ಬಿಳಿ ಕೊಂಬುಗಳು. ಅಲ್ಲೊಂದು ಇಲ್ಲೊಂದು ತುದಿಯಲ್ಲಿ ಮಾತ್ರ ಬೆರಳಗಲ ಬಣ್ಣ ಉಳಿದಿತ್ತು. ಕೆಲವು ಕೊಂಬುಗಳ ಮೇಲೆ ಆಗಲೇ ಹಸಿರು ಪಾಚಿ ಕೂತಿತ್ತು. ಮೀನುಗಳು ಏನೂ ಆಗಿಲ್ಲವೆಂಬ ಹಾಗೆ ಅವುಗಳ ನಡುವೆ ಓಡಾಡಿಕೊಂಡಿದ್ದವು.

ತಮ್ಮ ನೆಲದ ಮೇಲೆ ಕೂತಿದ್ದ. ಮುಂದೆ ಅದೇ ಬಿಳಿ ಬೋಗುಣಿ. ಕೆಲಸದ ಬಟ್ಟೆಯನ್ನೂ ಬದಲಿಸಿರಲಿಲ್ಲ, ಮೊಣಕೈವರೆಗೆ ಗ್ರೀಸು. ಗ್ರೀಸಿನ ಕೈಯನ್ನು ತೊಟ್ಟಿಯ ಹತ್ತಿರಕ್ಕೂ ತರದವನು ಅವನು.

"ಇದೆಲ್ಲ ಯಾವಾಗ ಆಯ್ತೋ?"

"ಆಗ್ತಾನೇ ಇತ್ತು. ಲೈಟ್ ಮೇಲೆ ಕಟ್ಟಿದೆ. ಉಪ್ಪು ಕಮ್ಮಿ ಮಾಡಿದೆ. ಮೋಟಾರ್ ಬದಲಾಯಿಸಿದೆ. ಇವತ್ತು ಒಂದು ಕೊಂಬು ಮುರಿದು ನೋಡಿದೆ."

ರಬ್ಬರಿನ ಪಿಚಕಾರಿ ತೆಗೆದುಕೊಂಡು, ಬೋಗುಣಿಯಲ್ಲಿದ್ದ ನೇರಳೆ ಕೊಂಬಿನ ಮೇಲೆ ಜೋರಾಗಿ ನೀರು ಚಿಮ್ಮಿಸಿದ. ಅವನ ಹೆಂಡತಿ ಬಗ್ಗಿ ನೋಡಿ "ಅಯ್ಯೋ" ಎಂದಳು. ಕೊಂಬಿನ ಚರ್ಮವೇ ಸುಲಿದು ಬಂದ ಹಾಗೆ ನೇರಳೆ ಬಣ್ಣದ ತೆಳು ಚೂರುಗಳು ಎದ್ದು ನೀರಿನಲ್ಲಿ ತೇಲಿದವು. ತೇಲುತ್ತಲೇ ಮಡಚಿಕೊಂಡವು, ಬಿಚ್ಚಿಕೊಂಡವು, ಈಜಿದವು. ಬೋಗುಣಿಯ ತಳಕ್ಕೆ ಬಂದು ಕೂತ ಮೇಲೆ ಮೆಲ್ಲಗೆ ಹರಿದಾಡತೊಡಗಿದವು.

"ಎಷ್ಟಿದೆ ನೋಡಿ ಅಕ್ಕ. ಬುಡದಲ್ಲೆಲ್ಲ ಮೊಟ್ಟೆ," ಎಂದಳು ತಮ್ಮನ ಹೆಂಡತಿ. "ನನಗೆ ಕನ್ನಡಕ ಇಲ್ಲದೇನೇ ಕಾಣ್ತಿದೆ. ಸೂಜಿಯಲ್ಲಿ ಟಾಕಾ ಹಾಕಿದ ಹಾಗಿದೆ."

ಹದ್ದಕ್ಕ ಬಗ್ಗಿದಳು. ತೇಲುತ್ತಿದ್ದ ಚೂರುಗಳು ಮಸುಕಾಗಿ ಕಂಡವು. ಬುಡ ಬೆಳ್ಳಗಿತ್ತು. ಕತ್ತು ಓರೆ ಮಾಡಿದಳು, ಇನ್ನಷ್ಟು ಹತ್ತಿರ ಬಂದಳು. ಅವಳ ಮೂಗು ನೀರಿಗೆ ತಾಗಿತು.

ತಮ್ಮ ಅವಳನ್ನೇ ನೋಡುತ್ತಿದ್ದ. ಲಿಫ್ಟಿನ ಹಗ್ಗದಲ್ಲಿ ಒಂದು ಎಳೆ ಕಿತ್ತಿದ್ದರೂ ಕೈಸವರಿ ಹೇಳುವವನು. ಅಕ್ಕನ ಕೈ ಹಿಡಿದು, ತೋರುಬೆರಳನ್ನು ಹವಳದ ಬುಡದ ಮೇಲಿಟ್ಟು ಮೆಲ್ಲಗೆ ಎಳೆದ. ಬೆರಳಿಗೆ ಕಾಳುಕಾಳಾಗಿ ತಾಗಿತು. ಸಾಲುಸಾಲಾಗಿ, ಒಂದರ ಪಕ್ಕ ಒಂದು.

"ನಿನಗೆ ಕಾಣ್ತಿಲ್ಲ," ಎಂದ. ಕೇಳಲಿಲ್ಲ, ಹೇಳಿದ.

ಅವಳು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.

"ಎಷ್ಟು ದಿನದಿಂದ ಅಕ್ಕ?"

"ಆರೇಳು ತಿಂಗಳು."

ಅವನು ಕೂಗಾಡಿದ್ದರೆ ಅವಳಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಅವನು ಕೂಗಲಿಲ್ಲ. ಬೋಗುಣಿಯನ್ನು ನೋಡುತ್ತಾ ಮೆತ್ತಗೆ ಹೇಳಿದ: "ನಾನು ಅವತ್ತೇ ನೋಡಿದ್ದೆ ಅಕ್ಕ. ಚುಕ್ಕೆ ನನಗೆ ಚೆನ್ನಾಗೇ ಕಂಡಿತ್ತು. ನೀನು ಏನೂ ಇಲ್ಲ ಅಂದೆ. ನನ್ನ ಕಣ್ಣಿಗೇ ಏನೋ ಆಗಿರಬೇಕು ಅನ್ಕೊಂಡೆ. ಆಮೇಲೂ ಎಷ್ಟೋ ಸಲ ಕಂಡ್ತು. ಅಕ್ಕ ಇಲ್ಲ ಅಂದಿದಾಳಲ್ಲ ಅಂತ ಸುಮ್ಮನಾದೆ."

ಅವಳು ಅಲ್ಲೇ ನೆಲದ ಮೇಲೆ ಕೂತಳು. ಹವಳದ ದುಃಖಕ್ಕೆ ಕೂತಳೆಂದು ಅವರಿಬ್ಬರೂ ತಿಳಿದರು, ತಮ್ಮನ ಹೆಂಡತಿ ನೀರು ತಂದುಕೊಟ್ಟಳು. ಆದರೆ ಅವಳ ಕಿವಿಯಲ್ಲಿ ಬೇರೊಂದು ದನಿ ಕೇಳುತ್ತಿತ್ತು. ಲ್ಯಾಬ್‌ನಲ್ಲಿ ಅವಳ ಪಕ್ಕದ ಮೇಜಿನವಳು, ಎರಡು ಮಕ್ಕಳ ತಾಯಿ, ನಾಲ್ಕು ವರ್ಷದ ಅನುಭವ ಇದ್ದವಳು. ದನಿ ಏರಿಸಿ ಗೊತ್ತೇ ಇಲ್ಲದ್ದರಿಂದ ಅವಳಿಗೆ ಪಿಸುಮಾತು ಎಂದೇ ಹೆಸರು. ಮೂರು ತಿಂಗಳ ಹಿಂದೆ ಒಂದು ಸ್ಲೈಡ್ ಹಿಡಿದುಕೊಂಡು ಬಂದು "ಅಕ್ಕಾ, ಇಲ್ಲೇನೋ ಇದೆಯಾ ಅಂತ..." ಎಂದಿದ್ದಳು. ಹದ್ದಕ್ಕ ನೋಡಿ, ಏನೂ ಇಲ್ಲ, ಒಣಗಿದ ಬಣ್ಣ ಎಂದು ವಾಪಸು ಕೊಟ್ಟಿದ್ದಳು.

ಮರುದಿನ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋದಳು. ಪಿಸುಮಾತು ಬಂದು ಚೀಲ ಇಡುವ ಮೊದಲೇ ಕೇಳಿದಳು.

"ಒಂದು ಸ್ಲೈಡ್ ತೋರಿಸಿದ್ದೆಯಲ್ಲ. ಒಣಗಿದ ಬಣ್ಣ ಅಂದಿದ್ದೆ ನಾನು. ನೆನಪಿದೆಯಾ?"

ಪಿಸುಮಾತು ಚೀಲವನ್ನು ಎದೆಗೆ ಒತ್ತಿಕೊಂಡಳು. "ಇದೆ ಅಕ್ಕಾ."

"ನಂಬರ್ ಹುಡುಕಬಹುದಾ?"

"ಹುಡುಕೋದು ಬೇಡ. ಬಾಯಿಗೇ ಬರುತ್ತೆ." ಅವಳು ನಂಬರ್ ಹೇಳಿದಳು. ಆಮೇಲೆ ಬಗ್ಗಿ ಕೇಳಿಸಿಕೊಳ್ಳಬೇಕಾದಷ್ಟು ಮೆಲ್ಲಗೆ, "ಅದರ ಮೇಲೆ ನಾನು ಇಂಕಿನ ಚುಕ್ಕೆ ಇಟ್ಟಿದ್ದೆ. ನೀವು ಇಲ್ಲ ಅಂದ ಮೇಲೆ ಒರೆಸಿಬಿಟ್ಟೆ," ಎಂದಳು.

ಅನುಮಾನ ಬಂದ ಜಾಗದ ಮೇಲೆ, ಗಾಜಿನ ಹೊರಮೈಗೆ ಒಂದು ಚುಕ್ಕೆ ಇಂಕು ಇಡುವುದು ಆ ಕೆಲಸದವರ ಪದ್ಧತಿ. ಡ್ರಾಯರಿನಿಂದ ಸ್ಲೈಡ್ ತೆಗೆದರು. ಪಿಸುಮಾತು ಎರಡೇ ನಿಮಿಷದಲ್ಲಿ ಜಾಗ ಹುಡುಕಿ ಎದ್ದು ನಿಂತಳು. ಹದ್ದಕ್ಕ ಕೂತಳು. ನೇರ ನೋಡಿದರೆ ಏನೂ ಇರಲಿಲ್ಲ, ತಿಳಿಗುಲಾಬಿ ಬಣ್ಣದ ಸಾದಾ ಕೋಶಗಳು ಅಷ್ಟೇ. ನೋಟವನ್ನು ಪಕ್ಕಕ್ಕೆ ಸರಿಸಿದಳು, ಕಳ್ಳನನ್ನು ಕದ್ದು ನೋಡುವ ಹಾಗೆ. ಆಗ ಅಂಚಿನಲ್ಲಿ ಕಂಡಿತು: ಒಂದರ ಮೇಲೊಂದು ಬಿದ್ದ ಏಳೆಂಟು ಕೋಶ, ನಡುವೆ ಕಪ್ಪಾಗಿ ಊದಿದ ಬೀಜ. ಇಪ್ಪತ್ತೇಳು ವರ್ಷದಲ್ಲಿ ನೂರಾರು ಸಲ ಹಿಡಿದದ್ದು. ಹೊಸಬರಿಗೆ ಪಾಠಕ್ಕೆ ತೋರಿಸುವಷ್ಟು ಸ್ಪಷ್ಟವಾಗಿತ್ತು.

"ಯಾಕೆ ಇನ್ನೊಂದ್ಸಲ ಕೇಳಲಿಲ್ಲ ನೀನು?"

"ನೀವು ಇಲ್ಲ ಅಂದ್ರಲ್ಲ ಅಕ್ಕಾ," ಎಂದು ಪಿಸುಮಾತು ಅಳತೊಡಗಿದಳು.

ಹದ್ದಕ್ಕ ಮೈಕ್ರೋಸ್ಕೋಪಿನ ದೀಪ ಆರಿಸಿ, ಅದರ ಮೇಲೆ ಗವಸು ಹಾಕಿ, ದೊಡ್ಡ ಡಾಕ್ಟರ ಕೋಣೆಗೆ ಹೋದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಕಣ್ಣಿನ ಡಾಕ್ಟರ್ ಕೆಲಸ ಬಿಡಿ ಎಂದದ್ದನ್ನೂ, ತಾನು ಬಿಡದೇ ಇದ್ದದ್ದನ್ನೂ ಬಿಡದೆ ಹೇಳಿದಳು. ಡಾಕ್ಟರ ಮುಖ ಮೊದಲು ಕೆಂಪಾಯಿತು. ಆಮೇಲೆ ಹತ್ತಕ್ಕೊಂದರ ಕಾಗದಗಳು ನೆನಪಾಗಿ ಬಿಳಿಚಿಕೊಂಡಿತು. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಎಷ್ಟು ಸ್ಲೈಡ್?"

"ಏಳು ತಿಂಗಳದ್ದು. ಮೂರು ಸಾವಿರ ಚಿಲ್ಲರೆ."

"ನೋಡಿ, ನೀವು ಇವತ್ತಿಂದ ರಜೆ ಹಾಕಿ. ಎಲ್ಲಾನೂ ಮತ್ತೆ ನೋಡಿಸ್ತೀನಿ. ಆದ್ರೆ ಸದ್ದಿಲ್ಲದೆ. ಯಾರದ್ದಾದ್ರೂ ಸಿಕ್ಕಿದ್ರೆ ಮಾಮೂಲಿ ತಪಾಸಣೆ ಇದೆ, ಬನ್ನಿ ಅಂತ ಚೀಟಿ ಕಳಿಸೋಣ. ಬಂದ್ಮೇಲೆ ಆಯ್ತು."

"ಬರಲ್ಲ ಡಾಕ್ಟ್ರೇ."

"ಯಾಕೆ ಬರಲ್ಲ?"

"ಏನೂ ಇಲ್ಲ ಅಂತ ನಾನು ಬರೆದು ಕೊಟ್ಟಿದೀನಿ. ನಂಬಿಕೊಂಡು ಕೂತಿದಾರೆ. ಮಾಮೂಲಿ ಅಂದ್ರೆ ಮುಂದಿನ ವರ್ಷ ನೋಡೋಣ ಅಂತಾರೆ. ನಾನು ತಪ್ಪು ನೋಡಿದೆ ಅಂತ ನಾನೇ ಹೇಳಿದ್ರೆ ಮಾತ್ರ ಎದ್ದು ಬರ್ತಾರೆ."

"ಆಸ್ಪತ್ರೆ ಹೆಸರು ಏನಾಗುತ್ತೆ ಅಂತ ಯೋಚಿಸಿದೀರಾ? ನನ್ನದು? ನಿಮ್ಮದು?"

"ನಂದು ಹೋಗಿ ಆಯ್ತು," ಎಂದಳು. "ಸ್ಲೈಡ್ ಮೇಲೆ ಇರೋದು ನನ್ನ ಹೆಸರಲ್ಲ ಡಾಕ್ಟ್ರೇ, ಅವರ ಹೆಸರು."

ಡಾಕ್ಟರ್ ಕೆಟ್ಟವರಲ್ಲ, ಹೆದರಿದವರು. ಎರಡು ದಿನ ಫೋನ್ ಎತ್ತಲಿಲ್ಲ, ಮೂರನೆಯ ದಿನ ಒಪ್ಪಿದರು. ಪಿಸುಮಾತು ಮತ್ತು ಬೇರೆ ಲ್ಯಾಬಿನಿಂದ ಕರೆಸಿದ ಇಬ್ಬರು ಕೂತು ಐದು ವಾರ ಸ್ಲೈಡ್ ನೋಡಿದರು. ಆ ಐದು ವಾರ ಹದ್ದಕ್ಕನಿಗೆ ಮಾಡಲು ಏನೂ ಕೆಲಸವಿರಲಿಲ್ಲ. ಮನೆಯಲ್ಲಿ ಕೂರಲಾರದೆ ತಮ್ಮನ ಮನೆಗೆ ಹೋಗುತ್ತಿದ್ದಳು. ಅವನು ಉಳಿದ ಹವಳವನ್ನು ವಾರಕ್ಕೊಮ್ಮೆ ಔಷಧಿಯ ನೀರಿನಲ್ಲಿ ಅದ್ದಿ ಹುಳು ಉದುರಿಸುತ್ತಿದ್ದ. ಮೊಟ್ಟೆಗೆ ಯಾವ ಔಷಧಿಯೂ ನಾಟುವುದಿಲ್ಲ, ಅದನ್ನು ಕೆರೆದೇ ತೆಗೆಯಬೇಕು. ಅವನ ಹೆಂಡತಿ ಹೊಲಿಗೆಯ ಕನ್ನಡಕ ಹಾಕಿಕೊಂಡು, ಸೂಜಿಯಿಂದ ಒಂದೊಂದನ್ನೇ ಎಬ್ಬಿಸುತ್ತಿದ್ದಳು. ಹದ್ದಕ್ಕ ಬೋಗುಣಿಯ ನೀರು ಬದಲಿಸಿಕೊಡುತ್ತಿದ್ದಳು. ಹತ್ತೊಂಬತ್ತು ಹವಳದಲ್ಲಿ ನಾಲ್ಕು ಉಳಿದವು. ತಮ್ಮ ಮೊದಲಿನ ಹಾಗೆಯೇ ಮಾತಾಡಿಸುತ್ತಿದ್ದ, ಊಟ ಮಾಡಿಕೊಂಡು ಹೋಗು ಎನ್ನುತ್ತಿದ್ದ. ಆದರೆ ಇದು ಏನು ನೋಡು ಎಂದು ಮಾತ್ರ ಅವಳನ್ನು ಕೇಳಲಿಲ್ಲ. ಹೆಂಡತಿಯನ್ನು ಕೇಳುತ್ತಿದ್ದ. ಅದು ಅವಳಿಗೆ ನೋಯುತ್ತಿತ್ತು, ನೋಯಲಿ ಎಂದೂ ಅನ್ನಿಸುತ್ತಿತ್ತು.

ಪಿಸುಮಾತು ಅಂದು ತೋರಿಸಿದ್ದೂ ಸೇರಿ ಹನ್ನೊಂದು ಹೆಸರು ಸಿಕ್ಕವು. ಒಂಬತ್ತು ಇನ್ನೂ ಮೊದಲ ಹಂತದಲ್ಲಿದ್ದವು, ಸಣ್ಣ ಚಿಕಿತ್ಸೆಯಲ್ಲಿ ಮುಗಿಯುವಂಥವು. ಉಳಿದ ಎರಡನ್ನು ಮೊದಲು ಕರೆಯಿರಿ ಎಂದರು ಡಾಕ್ಟರ್, ಅಷ್ಟೇ. ಪಿಸುಮಾತು ಹೆಸರುಗಳನ್ನೂ ನಂಬರುಗಳನ್ನೂ ಬೆರಳುದ್ದದ ಅಕ್ಷರಗಳಲ್ಲಿ ಬರೆದುಕೊಟ್ಟಳು. ಹದ್ದಕ್ಕ ಖಾಲಿಯಿದ್ದ ಕೋಣೆಯೊಂದರಲ್ಲಿ ಕೂತು, ಹಾಳೆಯನ್ನು ಓರೆಯಾಗಿ ಹಿಡಿದು ಮೊದಲನೆಯ ನಂಬರ್ ಒತ್ತಿದಳು. ಬೆಳಿಗ್ಗೆ ಹತ್ತೂವರೆ.

ಎತ್ತಿದ್ದು ಒಬ್ಬ ಹೆಂಗಸು. ಹಿಂದೆ ಪಾತ್ರೆಯ ಸದ್ದು, ನಲ್ಲಿಯ ನೀರಿನ ಸದ್ದು.

"ಆಸ್ಪತ್ರೆ ಲ್ಯಾಬಿಂದ ಮಾತಾಡ್ತಿದೀನಿ. ಐದು ತಿಂಗಳ ಹಿಂದೆ ನೀವು ಪರೀಕ್ಷೆ ಮಾಡಿಸಿದ್ರಿ."

"ಓ, ಹೌದು ಹೌದು. ಏನೂ ಇಲ್ಲ ಅಂತ ಬಂತಲ್ಲ. ನೀವು ನೋಡಿದ್ದಾ ಅದು? ನಿಮಗೆ ಪುಣ್ಯ ಬರಲಿ ಕಣ್ರೀ. ಆ ಕಾಗದ ಇಲ್ದೇ ಇದ್ದಿದ್ರೆ ನಾನು ಹೆದರ್ಕೊಂಡೇ ಸತ್ತಿರ್ತಿದ್ದೆ."

"ಹೆದರಿಕೆ ಯಾಕೆ? ಏನಾದ್ರೂ ಆಗ್ತಿತ್ತಾ?"

"ಆಗ್ತಿತ್ತು ಅಂದ್ರೆ... ಈಗಲೂ ಆಗ್ತಿದೆ. ಹೊತ್ತಲ್ಲದ ಹೊತ್ತಲ್ಲಿ ರಕ್ತ ಹೋಗುತ್ತೆ. ನಾಲ್ಕು ತಿಂಗಳಾಯ್ತು. ಸೊಂಟ ಎದ್ದು ನಿಲ್ಲಕ್ಕಾಗಲ್ಲ ಒಂದೊಂದ್ಸಲ. ನಮ್ಮಮ್ಮ ಆಸ್ಪತ್ರೆಗೆ ಹೋಗು ಹೋಗು ಅಂತ ಪ್ರಾಣ ತಿಂತಾರೆ. ನಾನೇ ಬೈದೆ. ದೊಡ್ಡ ಆಸ್ಪತ್ರೇಲಿ ನೋಡಿ ಏನೂ ಇಲ್ಲ ಅಂತ ಬರೆದು ಕೊಟ್ಟಿದಾರೆ, ಅವರಿಗಿಂತ ನಿಂಗೆ ಗೊತ್ತಾ ಅಂತ. ನನಗೂ ಒಳಗೊಳಗೆ ಏನೋ ಇದೆ ಅನ್ಸೋದು. ಎಲ್ಲ ನನ್ನ ಮನಸ್ಸಿನ ಭ್ರಮೆ ಅನ್ಕೊಂಡು ಆ ಕಾಗದ ತೆಗೆದು ಇನ್ನೊಂದ್ಸಲ ಓದೋದು, ಸುಮ್ಮನಾಗೋದು."

ಹದ್ದಕ್ಕ ಹಾಳೆಯನ್ನು ಮೇಜಿನ ಮೇಲಿಟ್ಟಳು. ಫೋನ್ ಇಟ್ಟುಬಿಡಬಹುದಿತ್ತು. ಡಾಕ್ಟರ್ ಹೇಳಿದ್ದ ಮಾಮೂಲಿ ತಪಾಸಣೆಯ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಭ್ರಮೆ ಅಲ್ಲಮ್ಮ," ಎಂದಳು. "ಆ ಕಾಗದ ತಪ್ಪು. ನಾನೇ ನೋಡಿದ್ದು. ಅಲ್ಲಿ ಇತ್ತು. ನನಗೆ ಕಾಣಲಿಲ್ಲ. ನನ್ನ ಕಣ್ಣು ಕೆಟ್ಟಿತ್ತು, ಅದು ನನಗೆ ಗೊತ್ತಿತ್ತು, ಆದ್ರೂ ಕೂತು ನೋಡಿದೆ. ನೀವು ಇವತ್ತೇ ಬರಬೇಕು."

ಆ ಕಡೆ ಯಾರೋ ನಲ್ಲಿ ನಿಲ್ಲಿಸಿದರು. ಬೈಗುಳಕ್ಕೆ ಹದ್ದಕ್ಕ ಕಾದಳು. ಬೈಗುಳ ಬರಲಿಲ್ಲ.

"ಹಾಗಾದ್ರೆ ನನಗೆ ಅನ್ಸಿದ್ದೇ ನಿಜಾನಾ?" ಎಂದು ಆ ಹೆಂಗಸು ಕೇಳಿದಳು.

"ನಿಜ ಅಮ್ಮ."

"ನಮ್ಮಮ್ಮ ಹೇಳಿದ್ದೂ?"

"ಅವರು ಹೇಳಿದ್ದೂ ನಿಜ."

"ಅಮ್ಮ ಇಲ್ಲೇ ನಿಂತಿದಾರೆ," ಎಂದಳು ಹೆಂಗಸು. "ನನ್ನ ಕೈಯಲ್ಲಿ ಆಗಲ್ಲ. ಇದನ್ನ ಅವರಿಗೆ ನೀವೇ ಹೇಳಿ."

ಫೋನ್ ಕೈ ಬದಲಾಯಿತು. ಮುದಿ ದನಿಯೊಂದು "ಹಲೋ, ಯಾರು?" ಎಂದು ಕೇಳಿತು. ಹದ್ದಕ್ಕ ಮತ್ತೆ ಮೊದಲಿನಿಂದ ಹೇಳತೊಡಗಿದಳು.